ದೇಶಾಂತರದ ದುಡಿಮೆಯೂ ಕಾಯಕದ ಧರ್ಮವೂ

‘ವಸ್’ ಎಂಬ ಒಂದೇ ಧಾತುವಿನಿಂದ ವಾಸ, ಪ್ರವಾಸ, ವಿವಾಸ, ನಿರ್ವಾಸನ ಎಂಬ ಶಬ್ದಗಳು ನಿಷ್ಪನ್ನವಾಗಿವೆ. ಮನೆಯಲ್ಲಿರುವುದು ವಾಸ, ಮನೆಯನ್ನು ಬಿಟ್ಟು ದೂರದಲ್ಲಿರುವುದು ಪ್ರವಾಸ, ಬಲವಂತದಿಂದ ಮನೆ ತಪ್ಪುವುದು ವಿವಾಸ, ಹೊರಗಟ್ಟಲ್ಪಡುವುದು ನಿರ್ವಾಸನ. ಈಗಿನ ವ್ಯವಹಾರದಲ್ಲಿ ಇವೆಲ್ಲಕ್ಕೂ ‘ವಲಸೆ’ ಎಂಬ ಒಂದೇ ಮಾತು ಸಲ್ಲುತ್ತಿದೆ. ಮಾತು ಒಂದಾಯಿತೆಂದು ಅರ್ಥದ ಭೇದವು ಅಳಿಯಲಾರದು. ಹೊಟ್ಟೆಯ ಪಾಡಿಗಾಗಿ ಮಸ್ಕತ್ತಿಗೆ ಹೊರಟ ತರುಣನು ಸ್ವಂತ ಇಚ್ಛೆಯಿಂದ ಹೊರಟನೆಂದೇ ಕಾಗದಪತ್ರಗಳಲ್ಲಿ ಬರೆದಿರುತ್ತದೆ. ಆದರೆ ಹೊರಡುವುದಕ್ಕೆ ಮುನ್ನ ಅವನ ಹೆಗಲ ಮೇಲೆ ಕುಳಿತಿರುವ ಸಾಲವೆಷ್ಟು, ಊರಿನಲ್ಲಿ ಅವನಿಗೆ ಉಳಿದಿದ್ದ ದಾರಿಗಳೆಷ್ಟು ಎಂಬುದನ್ನು ವಿಚಾರಿಸಿದರೆ, ಅದು ಪ್ರವಾಸವೋ ವಿವಾಸವೋ ಎಂದು ನಿರ್ಣಯಿಸುವುದು ವಿದ್ವಾಂಸರಿಗೂ ಕಷ್ಟವಾದೀತು.

ಇನ್ನೊಂದು ಧಾತುವನ್ನೂ ಇಲ್ಲಿ ನೆನೆಯಬೇಕು. ‘ಭೃ’ ಎಂದರೆ ಹೊರು, ಪೋಷಿಸು. ಪೋಷಣೆಗೆ ಅರ್ಹನಾದವನು ಭೃತ್ಯ. ಅವನಿಗೆ ಸಲ್ಲುವ ವೇತನ ಭೃತಿ. ಪೋಷಿಸುವ ಹೊಣೆಯುಳ್ಳವನು ಭರ್ತೃ. ದುಡಿಸಿಕೊಳ್ಳುವವನು ಭಾರವನ್ನು ಹೊರತಕ್ಕವನೆಂಬ ಅರ್ಥವು ಶಬ್ದದೊಳಗೇ ಅಡಗಿದೆ. ಕನ್ನಡದ ‘ಕೂಲಿ’ ಎಂಬ ಮಾತಾದರೋ ಮೂಲತಃ ದುಡಿಮೆಗೆ ಸಲ್ಲುವ ಸಂಭಾವನೆಯ ಹೆಸರು. ದ್ರಾವಿಡ ಭಾಷೆಗಳ ಈ ಮಾತೇ ಹಡಗು ಹತ್ತಿ ಹೋಗಿ, ಪರದೇಶಗಳಲ್ಲಿ ಮನುಷ್ಯನನ್ನೇ ಹಳಿಯುವ ಹೆಸರಾಯಿತೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಸಂಬಳದ ಹೆಸರನ್ನು ಮನುಷ್ಯನಿಗೆ ಇಟ್ಟು, ಮನುಷ್ಯನ ಹೆಸರನ್ನು ಮರೆತುದು ಹತ್ತೊಂಬತ್ತನೆಯ ಶತಮಾನದ ಒಂದು ದೊಡ್ಡ ಪಾಪ. 1834ರಿಂದ ಮೊದಲ್ಗೊಂಡು ಭಾರತದ ಬಡವರನ್ನು ಕರಾರಿನ ಮೇಲೆ ಮಾರಿಷಸ್, ಫಿಜಿ, ಟ್ರಿನಿಡಾಡ್ ಮೊದಲಾದ ದ್ವೀಪಗಳ ಕಬ್ಬಿನ ತೋಟಗಳಿಗೆ ಸಾಗಿಸಿದ ಪದ್ಧತಿಯು 1917ರಲ್ಲಿ ನಿಂತಿತು. ಆ ಕರಾರನ್ನೇ ಜನರು ತಮ್ಮ ಬಾಯಿಯಲ್ಲಿ ‘ಗಿರ್ಮಿಟ್’ ಎಂದು ಕರೆದರು. ಪದ್ಧತಿ ನಿಂತಿತಾದರೂ ಅದರ ಅಂಗಾಂಗಗಳು, ಅಂದರೆ ದಲ್ಲಾಳಿ, ಮುಂಗಡ, ಓದಲಾಗದ ಕರಾರು, ಬಿಡಲಾಗದ ಯಜಮಾನ ಎಂಬ ನಾಲ್ಕು, ಬೇರೆ ಬೇರೆ ವೇಷಗಳಲ್ಲಿ ಇಂದಿಗೂ ಬದುಕಿವೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಚರಿತ್ರೆಯು ಜನರ ಹೋಗುಬರವಿನ ಚರಿತ್ರೆಯೇ ಆಗಿದೆ. ಕೆಳದಿಯ ಅರಸರ ಕಾಲದಲ್ಲಿ ಘಟ್ಟದ ಮೇಲಿನ ಮೆಣಸೂ ಘಟ್ಟದ ಕೆಳಗಿನ ಅಕ್ಕಿಯೂ ಬಸರೂರು, ಮಂಗಳೂರು ಮೊದಲಾದ ರೇವುಗಳಿಂದ ಹೊರದೇಶಗಳಿಗೆ ಹೋಗುತ್ತಿದ್ದವು. ಕರಾವಳಿಯ ಅಕ್ಕಿಯು ಮಸ್ಕತ್ತಿನವರೆಗೂ ಮುಟ್ಟುತ್ತಿದ್ದಿತು. ಅಂದು ಅಕ್ಕಿ ಹೋದ ದಾರಿಯಲ್ಲಿ ಇಂದು ಅದೇ ಕರಾವಳಿಯ ಮಕ್ಕಳು ಹೋಗುತ್ತಿದ್ದಾರೆ. ಸಾಗರದ ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಪೂರ್ವಜರು ಗೋವೆಯ ಕಡೆಯಿಂದ ಬಂದು ನೆಲೆಸಿದರೆಂದು ಪ್ರತೀತಿಯಿದೆ. 1689ರಲ್ಲಿ ಮೊಗಲರ ಸೇನೆಯಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ಚೆನ್ನಮ್ಮಾಜಿಯು ಆಶ್ರಯವಿತ್ತು, ಔರಂಗಜೇಬನ ಕೋಪವನ್ನು ಎದುರಿಸಿದ ಸಂಗತಿಯನ್ನು ಪಾಠಶಾಲೆಯ ಬಾಲಕರೂ ಬಲ್ಲರು. ರಾಜಕುಮಾರನಿಗೆ ಆಶ್ರಯವೀಯುವುದು ಸಾಹಸ. ಹೆಸರಿಲ್ಲದ ಕೂಲಿಯವನಿಗೆ ನ್ಯಾಯವೀಯುವುದು ಅದಕ್ಕಿಂತ ಕಠಿನವಾದ ವ್ರತ. ಈ ಎರಡನೆಯದನ್ನು ಇತಿಹಾಸಕಾರರು ಬರೆದಿಡುವುದು ವಿರಳ.

ಇದೇ ಸೀಮೆಯು ವಿವಾಸವನ್ನೂ ಕಂಡಿದೆ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ದೇಗುಲಗಳು ನೀರಿನ ಕೆಳಗಾದವು; ಸಾವಿರಾರು ಕುಟುಂಬಗಳು ಒಲೆಯ ಕಲ್ಲನ್ನು ಕಿತ್ತುಕೊಂಡು ಹೊರಡಬೇಕಾಯಿತು. ನಾಡಿಗೆ ಬೆಳಕು ಬಂದಿತು. ಬೆಳಕಿಗಾಗಿ ಮನೆಬಿಟ್ಟವರ ಭೂಮಿಯ ಹಕ್ಕಿನ ಪ್ರಶ್ನೆಯು ಆರು ದಶಕಗಳು ಕಳೆದರೂ ಪೂರ್ಣವಾಗಿ ಇತ್ಯರ್ಥವಾಗಿಲ್ಲ. ಹಿನ್ನೀರಿನಿಂದ ಬೇರ್ಪಟ್ಟ ತುಮರಿ, ಸಿಗಂದೂರಿನ ಕಡೆಯ ಜನರು ಲಾಂಚಿಗಾಗಿ ಕಾಯುತ್ತ ಕಳೆದ ಕಾಲವು 2025ರ ಜುಲೈಯಲ್ಲಿ ಸೇತುವೆ ತೆರೆದಾಗ ಮುಗಿಯಿತು. ಊರಿನಲ್ಲಿದ್ದೂ ಊರು ತಪ್ಪುವುದೆಂದರೇನೆಂಬುದು ಈ ಸೀಮೆಗೆ ಪುಸ್ತಕದಿಂದ ಕಲಿಯಬೇಕಾದ ವಿಷಯವಲ್ಲ.

ಈಗ ಲೋಕದ ಲೆಕ್ಕವನ್ನು ಸ್ವಲ್ಪ ನೋಡಬಹುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ತಮ್ಮ ದೇಶವನ್ನು ಬಿಟ್ಟು ಪರದೇಶದಲ್ಲಿ ದುಡಿಮೆಯ ಬಲದಲ್ಲಿದ್ದವರು ಸುಮಾರು 16 ಕೋಟಿ 77 ಲಕ್ಷ ಮಂದಿ. ಕೊಲ್ಲಿಯ ಆರು ದೇಶಗಳಲ್ಲಿರುವ ಭಾರತೀಯರೇ ಸುಮಾರು 90 ಲಕ್ಷ. ಪರದೇಶದಲ್ಲಿರುವವರು ತಾಯ್ನಾಡಿಗೆ ಕಳುಹಿಸುವ ಹಣದಲ್ಲಿ ಭಾರತದ್ದೇ ಪ್ರಪಂಚದಲ್ಲಿ ಪ್ರಥಮ ಸ್ಥಾನ. 2024ರಲ್ಲಿ ಅದು ಸುಮಾರು 129 ಶತಕೋಟಿ ಡಾಲರ್ ಆದೀತೆಂದು ವಿಶ್ವಬ್ಯಾಂಕು ಗಣಿಸಿತ್ತು. ಎಣ್ಣೆಯ ಬೆಲೆ 1973ರಲ್ಲಿ ಏರಿದ ಮೇಲೆ ತೆರೆದುಕೊಂಡ ಕೊಲ್ಲಿಯ ದಾರಿಯೊಂದೇ ಈಗ ಉಳಿದಿಲ್ಲ. ಮುದುಕರ ಸಂಖ್ಯೆ ಹೆಚ್ಚಿ ದುಡಿಯುವ ಕೈಗಳು ಕಡಮೆಯಾದ ಜರ್ಮನಿಯು 2024ರ ಅಕ್ಟೋಬರಿನಲ್ಲಿ ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಪ್ರಕಟಿಸಿತು. ಕಟ್ಟಡದ ಕೆಲಸಕ್ಕೆ ಜನರನ್ನು ಕಳುಹಿಸಲು 2023ರಲ್ಲಿ ಇಸ್ರೇಲಿನೊಡನೆ ಒಡಂಬಡಿಕೆಯಾಯಿತು. ಮೈಯ ದುಡಿಮೆಯವರು ಮರಳುಗಾಡಿಗೂ ಕಲಿತವರು ಶೀತದೇಶಗಳಿಗೂ ಹೋಗುವ ಕ್ರಮವೊಂದು ಏರ್ಪಟ್ಟಿದೆ. ಸಾಗರ, ತೀರ್ಥಹಳ್ಳಿಗಳ ತೋಟದ ಮನೆಗಳಿಂದ ಹೊರಟವರು ಬಹುಮಟ್ಟಿಗೆ ಈ ಎರಡನೆಯ ದಾರಿಯವರು. ಮೊದಲು ಬೆಂಗಳೂರು, ಆಮೇಲೆ ಸಮುದ್ರದಾಚೆ.

ಹಣದ ಮೊತ್ತವನ್ನು ಕಂಡು ಹಿಗ್ಗುವುದು ಸುಲಭ. ಆ ಹಣವು ಮನೆಗೆ ಮುಟ್ಟುವ ಮುನ್ನ ಯಾರ ಕೈಗಳನ್ನು ದಾಟುತ್ತದೆಂಬುದನ್ನು ನೋಡಬೇಕಾಗಿದೆ. ಒಂದು ಲೆಕ್ಕವನ್ನು ಉದಾಹರಣೆಗಾಗಿ ಹಿಡಿಯಬಹುದು. ಹೊರಡುವವನು ದಲ್ಲಾಳಿಗೆ ಕೊಡಲು ಒಂದೂವರೆ ಲಕ್ಷ ರೂಪಾಯಿಗಳನ್ನು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ, ಕೈಸಾಲ ತಂದನೆಂದು ಭಾವಿಸಬಹುದು. ಮೊದಲ ತಿಂಗಳ ಬಡ್ಡಿಯೇ 4,500 ರೂಪಾಯಿ. ಊಟ, ಮನೆಯ ಖರ್ಚು ಕಳೆದು ಅವನು ತಿಂಗಳಿಗೆ 10,000 ರೂಪಾಯಿಗಳನ್ನು ಸಾಲಕ್ಕೆಂದೇ ಕಟ್ಟಿದರೂ ಸಾಲ ತೀರಲು ಇಪ್ಪತ್ತು ತಿಂಗಳು ದಾಟುತ್ತದೆ. ಕರಾರಿನ ಅವಧಿ ಎರಡು ವರ್ಷವಾದರೆ ಅವನು ತನಗಾಗಿ, ತನ್ನ ಮಕ್ಕಳಿಗಾಗಿ ದುಡಿಯುವುದು ಕಡೆಯ ಮೂರು ನಾಲ್ಕು ತಿಂಗಳು ಮಾತ್ರ. ಉಳಿದುದೆಲ್ಲ ದಲ್ಲಾಳಿಯ ಮತ್ತು ಬಡ್ಡಿಯವನ ಕಾಯಕ. 1983ರ ವಲಸೆ ಕಾಯ್ದೆಯ ನಿಯಮಗಳಂತೆ ನೋಂದಾಯಿತ ದಲ್ಲಾಳಿಯು ಕೆಲಸಗಾರನಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿಯ ಮಿತಿಯಿದೆ, ತೆರಿಗೆ ಬೇರೆ. ಈ ಮಿತಿಯೊಳಗೇ ಕೊಟ್ಟಿದ್ದರೆ, ಅದೇ ಬಡ್ಡಿಯ ದರದಲ್ಲಿ, ಅದೇ ಕಂತಿನಲ್ಲಿ, ನಾಲ್ಕು ತಿಂಗಳಿನಲ್ಲಿ ಸಾಲ ತೀರುತ್ತಿದ್ದಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಒಪ್ಪಂದವಾದರೋ ಇನ್ನೂ ಮುಂದೆ ಹೋಗಿ, ನೇಮಕದ ವೆಚ್ಚವನ್ನು ಕೆಲಸಗಾರನ ಮೇಲೆ ಹೊರಿಸಲೇಬಾರದೆಂದು ವಿಧಿಸುತ್ತದೆ. ಕೆಲಸ ಬೇಕಾದವನು ಕೈಗಳನ್ನು ತರುತ್ತಾನೆ. ಕೈ ಬೇಕಾದವನು ವೆಚ್ಚವನ್ನು ತರಬೇಕು. ಭರ್ತೃ ಎಂಬ ಶಬ್ದದ ಅರ್ಥವೂ ಇದೇ ಅಲ್ಲವೆ?

ಮುಂಗಡವೆಂಬುದು ಹಳೆಯ ಉರುಲು. 1859ರ 13ನೆಯ ಆಕ್ಟು ಬ್ರಿಟಿಷ್ ಇಂಡಿಯಾದಲ್ಲಿ ಮುಂಗಡ ಪಡೆದು ಕೆಲಸಕ್ಕೆ ಬಾರದ ಆಳನ್ನು ಅಪರಾಧಿಯನ್ನಾಗಿ ಮಾಡಿತ್ತು. ಸಾಲದ ವ್ಯಾಜ್ಯಕ್ಕೆ ಸೆರೆಮನೆಯ ಶಿಕ್ಷೆ! 1925ರಲ್ಲಿ ಅದನ್ನು ರದ್ದುಪಡಿಸಲು ಶಾಸನವಾಯಿತು. ಆ ಮೇಲೆಯೂ ‘ಜೀತ’ ಉಳಿದೇ ಇದ್ದಿತು. 1976ರ ಕಾಯ್ದೆಯಿಂದ ಅದು ನಿಷಿದ್ಧವಾಯಿತು. ಶಾಸನವು ಒಂದು ಬಾಗಿಲನ್ನು ಮುಚ್ಚಿದಾಗಲೆಲ್ಲ ಲೋಭವು ಇನ್ನೊಂದು ಕಿಂಡಿಯನ್ನು ಹುಡುಕಿದೆ.

ಕರಾರಿನ ವಿಷಯವಾಗಿ ಕೌಟಿಲ್ಯನು ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಒಂದು ಸೂಕ್ಷ್ಮವಾದ ವಿಧಿಯನ್ನು ಹೇಳಿದ್ದಾನೆ: ಕೆಲಸಗಾರನಿಗೂ ಯಜಮಾನನಿಗೂ ಆದ ಒಪ್ಪಂದವನ್ನು ನೆರೆಯವರು ತಿಳಿದಿರಬೇಕು, ಮಾತಾದ ವೇತನವೇ ಸಲ್ಲಬೇಕು. ಎಷ್ಟೊಂದು ವ್ಯವಹಾರಜ್ಞಾನ ಈ ವಿಧಿಯಲ್ಲಿದೆಯೆಂಬುದು ಕೊಲ್ಲಿಯ ವೃತ್ತಾಂತಗಳನ್ನು ಕೇಳಿದಾಗ ಮನವರಿಕೆಯಾಗುತ್ತದೆ. ಇಲ್ಲಿ ಒಂದು ಕರಾರಿಗೆ ಸಹಿ. ಅಲ್ಲಿ ಇಳಿದ ಮೇಲೆ, ಓದಲಾಗದ ಅರಬ್ಬಿ ಲಿಪಿಯಲ್ಲಿ, ಕಡಮೆ ಸಂಬಳದ ಮತ್ತೊಂದು ಕರಾರು. ಮೊದಲನೆಯದನ್ನು ಕಂಡ ನೆರೆಯವರು ಸಮುದ್ರದ ಈಚೆಗೆ, ಎರಡನೆಯದನ್ನು ಕಂಡವರು ಆಚೆಗೆ. ಸಾಕ್ಷಿಯಿಲ್ಲದ ಒಪ್ಪಂದದಲ್ಲಿ ಬಲ್ಲಿದನ ಮಾತೇ ಒಪ್ಪಂದವಾಗುತ್ತದೆ. ಭಾರತ ಸರ್ಕಾರವು ‘ಇ-ಮೈಗ್ರೇಟ್’ ಎಂಬ ಗಣಕವ್ಯವಸ್ಥೆಯಲ್ಲಿ ಕರಾರುಗಳನ್ನು ಮೊದಲೇ ದಾಖಲಿಸುವ ಏರ್ಪಾಡು ಮಾಡಿರುವುದು ಈ ನೆರೆಯವರ ಸ್ಥಾನವನ್ನು ತುಂಬುವುದಕ್ಕಾಗಿಯೇ ಎನ್ನಬಹುದು. ಹತ್ತನೆಯ ತರಗತಿ ತೇರ್ಗಡೆಯಾಗದವರು 18 ದೇಶಗಳಿಗೆ ಕೆಲಸಕ್ಕಾಗಿ ಹೋಗುವಾಗ ಸಂರಕ್ಷಕಾಧಿಕಾರಿಯ ಅನುಮತಿ ಬೇಕು. ಅಂಥವರಿಗೆ 10 ಲಕ್ಷ ರೂಪಾಯಿಗಳ ಅಪಘಾತವಿಮೆಯೂ ಉಂಟು; ಅದರ ಕಂತು ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ. ಆದರೆ ಪ್ರೇಕ್ಷಣೀಯ ಸ್ಥಳಗಳನ್ನು ನೋಡುವ ಯಾತ್ರಿಕನ ವೀಸಾದಲ್ಲಿ ಕೆಲಸಕ್ಕೆ ಕಳುಹಿಸುವ ದಲ್ಲಾಳಿಯು ಈ ಎಲ್ಲ ಬೇಲಿಗಳನ್ನೂ ಒಂದೇ ನೆಗೆತದಲ್ಲಿ ದಾಟಿಬಿಡುತ್ತಾನೆ. ಬೇಲಿಯ ಆಚೆಗೆ ಬಿದ್ದವನಿಗೆ ವಿಮೆಯಿಲ್ಲ, ದಾಖಲೆಯಿಲ್ಲ, ದೂರು ಕೊಡಲು ಧೈರ್ಯವೂ ಇಲ್ಲ.

ಅರಬ್ಬಿಯಲ್ಲಿ ‘ಕಫಾಲಾ’ ಎಂದರೆ ಜಾಮೀನು. ಪರದೇಶಿಯ ಹೊಣೆಯನ್ನು ಸ್ಥಳೀಯನೊಬ್ಬನು ಹೊರುವುದೆಂಬುದು ಅದರ ಮೂಲಾರ್ಥ. ಅತಿಥಿಸತ್ಕಾರದ ಗಂಧವುಳ್ಳ ಮಾತು. ಕಾಲಕ್ರಮದಲ್ಲಿ ಜಾಮೀನುದಾರನೇ ಒಡೆಯನಾದನು. ಅವನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವಂತಿಲ್ಲ, ಕೆಲವೆಡೆ ದೇಶವನ್ನು ಬಿಡುವಂತೆಯೂ ಇಲ್ಲವೆಂಬ ಸ್ಥಿತಿ ಬಂದಿತು. ಪಾಸ್‌ಪೋರ್ಟು ಅವನ ಪೆಟ್ಟಿಗೆಯಲ್ಲಿ. ಒಳ್ಳೆಯ ಶಬ್ದವೊಂದು ಕೆಟ್ಟ ಕೈಯಲ್ಲಿ ಹೇಗೆ ತಿರುಗುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಕತಾರ್ ದೇಶವು 2020ರಲ್ಲಿ ಶಾಸನ ಮಾಡಿ, ಮೊದಲ ಯಜಮಾನನ ಅನುಮತಿಯಿಲ್ಲದೆಯೇ ಕೆಲಸ ಬದಲಿಸುವ ಹಕ್ಕನ್ನೂ ತಿಂಗಳಿಗೆ ಕನಿಷ್ಠ 1,000 ರಿಯಾಲ್ ವೇತನವನ್ನೂ ವಿಧಿಸಿತು. ಸೌದಿ ಅರೇಬಿಯವೂ 2021ರಲ್ಲಿ ಕೆಲವು ಕಟ್ಟುಗಳನ್ನು ಸಡಿಲಿಸಿತು. ಇವು ಶ್ಲಾಘ್ಯವಾದ ಹೆಜ್ಜೆಗಳು. ಆದರೂ 2024ರ ಜೂನ್ 12ರಂದು ಕುವೈತಿನ ಮಂಗಾಫಿನಲ್ಲಿ, ನೂರತೊಂಬತ್ತಕ್ಕೂ ಮಿಕ್ಕಿ ಕೆಲಸಗಾರರನ್ನು ತುಂಬಿದ್ದ ಒಂದೇ ಕಟ್ಟಡಕ್ಕೆ ಬೆಳಗಿನ ಜಾವದಲ್ಲಿ ಬೆಂಕಿ ಬಿದ್ದು ನಲವತ್ತೈದು ಮಂದಿ ಭಾರತೀಯರು ಪ್ರಾಣ ಬಿಟ್ಟರು. ಅವರಲ್ಲಿ ಕಲಬುರಗಿ ಜಿಲ್ಲೆಯವರೊಬ್ಬರೂ ಇದ್ದರು. ಹಗಲಿನ ದುಡಿಮೆಗೆ ಕೂಲಿ ಕೊಟ್ಟೆನೆಂದರೆ ಯಜಮಾನನ ಹೊಣೆ ಮುಗಿಯದು. ರಾತ್ರಿ ಮಲಗುವ ಸ್ಥಳಕ್ಕೆ ಎರಡು ಬಾಗಿಲುಗಳಿವೆಯೆ ಎಂಬುದೂ ಭೃತಿಯ ಭಾಗವೇ.

ಶಿವಮೊಗ್ಗ ಜಿಲ್ಲೆಗೆ ಹತ್ತಿರದ ಪ್ರಸಂಗವೊಂದುಂಟು. ಕಾಡಿನ ಬೇಟೆಯನ್ನು ಬಿಟ್ಟು ನೆಲೆ ನಿಂತ ಹಕ್ಕಿಪಿಕ್ಕಿ ಜನಾಂಗದವರು ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಗಳ ತಮ್ಮ ಹಾಡಿಗಳಿಂದ ಗಿಡಮೂಲಿಕೆ, ಕೇಶತೈಲಗಳ ಮೂಟೆ ಕಟ್ಟಿಕೊಂಡು ಆಫ್ರಿಕದ ದೇಶಗಳಿಗೆ ವ್ಯಾಪಾರಕ್ಕೆ ಹೋಗುವುದನ್ನು ಕೆಲವು ಕಾಲದಿಂದ ರೂಢಿಸಿಕೊಂಡಿದ್ದಾರೆ. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಸೇನೆಯ ಎರಡು ಬಣಗಳಿಗೆ ಯುದ್ಧ ಹತ್ತಿದಾಗ ಇವರಲ್ಲಿ ಹಲವರು ಎಲ್‌ಫಾಶರ್ ಮೊದಲಾದ ಊರುಗಳಲ್ಲಿ ಸಿಕ್ಕಿಬಿದ್ದರು. ಅನ್ನ ನೀರಿಗೂ ಕಷ್ಟಪಟ್ಟರು. ‘ಕಾವೇರಿ’ ಎಂಬ ಹೆಸರಿನ ಕಾರ್ಯಾಚರಣೆಯಿಂದ ಭಾರತೀಯರನ್ನು ಕರೆತರಲಾಯಿತು. ಇವರು ಯಾರ ಆಳುಗಳೂ ಅಲ್ಲ, ಸ್ವತಂತ್ರ ವ್ಯಾಪಾರಿಗಳು. ಆದುದರಿಂದ ಕೂಲಿಯ ವಲಸೆಯೊಡನೆ ಇದನ್ನು ಸೇರಿಸಬಹುದೆ ಎಂದು ಕೇಳುವವರುಂಟು. ಸ್ವದೇಶದಲ್ಲಿ ಭೂಮಿಯೂ ವಿದ್ಯೆಯೂ ಸಾಕಷ್ಟು ದೊರೆಯದ ಸಮುದಾಯವೊಂದು ಸಾವಿರಾರು ಮೈಲಿಗಳಾಚೆಗೆ ತಲೆಹೊರೆಯ ವ್ಯಾಪಾರಕ್ಕೆ ಹೋಗುವುದಾದರೆ, ಶಾಸ್ತ್ರವು ಅದಕ್ಕೆ ಯಾವ ಹೆಸರನ್ನಿಟ್ಟರೂ ಅದು ವಿವಾಸದ ಸೋದರಿಯೇ ಆಗಿದೆ. ಕಲಬುರಗಿಯ ಕೆಲವು ತರುಣರ ಕಥೆ ಇನ್ನೂ ದಾರುಣವಾದುದು. ಕಾವಲುಗಾರರ ಮತ್ತು ಸಹಾಯಕರ ಕೆಲಸವೆಂದು ನಂಬಿಸಿ ಅವರನ್ನು ರಷ್ಯಕ್ಕೆ ಕಳುಹಿಸಲಾಯಿತು. ಅಲ್ಲಿಂದ ಯುಕ್ರೇನಿನ ರಣರಂಗದ ಅಂಚಿಗೆ. 2024ರ ಸೆಪ್ಟೆಂಬರಿನಲ್ಲಿ ಅವರು ಮನೆಗೆ ಮರಳಿದರು. ಹೇಳಿದ ಕೆಲಸ ಒಂದು, ಮಾಡಿಸಿದ್ದು ಇನ್ನೊಂದು. ಇದು ಕರಾರು ಬದಲಾಯಿಸುವ ಅದೇ ಹಳೆಯ ಮೋಸ. ಇಲ್ಲಿ ಮಾತ್ರ ಬೆಲೆ ಪ್ರಾಣವಾಗಿದ್ದಿತು.

ಇಷ್ಟರವರೆಗೆ ಹೇಳಿದುದು ಹೋಗುವವರ ಮಾತು. ಬರುವವರ ಮಾತನ್ನೆತ್ತಿದೊಡನೆ ಸಭೆಯಲ್ಲಿ ಮೌನ ಹೆಚ್ಚುತ್ತದೆ. ತೋಟದ ಮನೆಗಳ ಮಕ್ಕಳು ಹೊರಟುಹೋದ ಮೇಲೆ ಅಡಕೆಯ ಮರವೇನೂ ಬೆಳೆಯುವುದನ್ನು ನಿಲ್ಲಿಸಲಿಲ್ಲ. ಮುಂಗಾರಿನಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಬೇಕು. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ಕಾರ್ತಿಕದಿಂದ ಮುಂದಕ್ಕೆ ಕೊನೆ ತೆಗೆಯಬೇಕು, ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಮೊದಲು ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಆಳುಗಳು ಬರುತ್ತಿದ್ದರು. ಮರ ಹತ್ತುವ ಕೊನೆಗಾರರು ವಿರಳವಾದಂತೆ ನೆಲದ ಮೇಲೆಯೇ ನಿಂತು ಕೊನೆ ಇಳಿಸುವ ಉದ್ದನೆಯ ದೋಟಿಗಳು ಬಂದವು. ಸುಲಿಯುವ ಯಂತ್ರಗಳು ಬಂದವು. ಆದರೂ ಕೈಗಳ ಕೊರತೆ ನೀಗಲಿಲ್ಲ. ಆದುದರಿಂದ ಮಲೆನಾಡಿನ ತೋಟಗಳಲ್ಲಿಯೂ ಕಟ್ಟಡಗಳಲ್ಲಿಯೂ ಅಸ್ಸಾಂ, ಬಿಹಾರ, ಝಾರ್ಖಂಡ್ ಮೊದಲಾದ ಸೀಮೆಗಳ ಜನರನ್ನು ಈಗ ಕಾಣುತ್ತೇವೆ. ಮಗನು ಹೊರದೇಶದಲ್ಲಿ ಪರಕೀಯನಾಗಿರುವ ಮನೆಯಲ್ಲಿಯೇ ಪರಸೀಮೆಯವನು ಅಡಕೆಯ ಹಂಡೆಗೆ ಉರಿ ಹಾಕುತ್ತಿರುತ್ತಾನೆ. ಎಲ್ಲರ ಬಾಯಲ್ಲಿಯೂ ಅವನಿಗೆ ‘ಹಿಂದಿಯವನು’ ಎಂಬ ಒಂದೇ ಹೆಸರು, ಅವನ ಮಾತು ಅಸಮಿಯವಾಗಿದ್ದರೂ ಸರಿಯೆ.

ಈ ಎರಡು ಸ್ಥಿತಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕೆಂಬುದೇ ಇಲ್ಲಿಯ ಮುಖ್ಯ ವಿಷಯ. ತೂಗುವ ಅಳೆಯುವ ಮಾತು ಬಂದಾಗ ಸಾಗರದ ಸೀಮೆಯವರಿಗೆ ಕಾಗೋಡು ನೆನಪಾಗದಿರದು. 1951ರ ಏಪ್ರಿಲಿನಲ್ಲಿ ಆರಂಭವಾದ ಕಾಗೋಡು ಸತ್ಯಾಗ್ರಹದ ಕಾರಣಗಳಲ್ಲಿ ಒಂದು ಪ್ರಮುಖವಾದುದು ಕೊಳಗದ ಅಳತೆ. ಗೇಣಿಯನ್ನು ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗವನ್ನು ಬಳಸುತ್ತಾರೆ, ನ್ಯಾಯವಾದ ಕೊಳಗದಲ್ಲಿ ಅಳೆಯಬೇಕು ಎಂಬುದು ಗೇಣಿದಾರರ ಬೇಡಿಕೆಯಾಗಿದ್ದಿತು. ಗಣಪತಿಯಪ್ಪನವರು ಸಂಘ ಕಟ್ಟಿದರು, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರೂ ಅವರ ಸಂಗಡಿಗರೂ ಹೆಗಲು ಕೊಟ್ಟರು, ಡಾ. ರಾಮಮನೋಹರ ಲೋಹಿಯಾ ಅವರು ಬಂದು ಸೆರೆಯಾದರು. 1974ರ ಭೂಸುಧಾರಣೆಯ ತಿದ್ದುಪಡಿಯು ಉಳುವವನಿಗೆ ಭೂಮಿಯನ್ನು ಕೊಡುವವರೆಗೆ ಆ ಕಿಡಿ ಆರಲಿಲ್ಲ. ಈ ಸತ್ಯಾಗ್ರಹವನ್ನು ಭೂಮಿಯ ಹೋರಾಟವೆಂದಷ್ಟೇ ಓದುವುದು ವಾಡಿಕೆ. ಆದರೆ ಅದರ ಬೀಜದಲ್ಲಿ ಇದ್ದುದು ಅಳತೆಯ ಪ್ರಶ್ನೆ: ಕೊಡುವಾಗ ಒಂದು ಕೊಳಗ, ಕೊಳ್ಳುವಾಗ ಇನ್ನೊಂದು ಇರಬಹುದೆ?

ಇಂದಿನ ಕೊಳಗಗಳು ಮರದವಲ್ಲ, ಆದುದರಿಂದ ಕಣ್ಣಿಗೆ ಕಾಣುವುದಿಲ್ಲ. ಮಗನ ಪಾಸ್‌ಪೋರ್ಟನ್ನು ಅರಬ್ಬಿ ಯಜಮಾನನು ಕಿತ್ತಿಟ್ಟುಕೊಂಡನೆಂದು ಕೇಳಿ ಕಣ್ಣೀರಿಡುವ ಮನೆಯು, ತನ್ನ ತೋಟದ ಆಳಿನ ಆಧಾರ್ ಕಾರ್ಡನ್ನು ಮೇಸ್ತ್ರಿಯು ಇಟ್ಟುಕೊಂಡಿದ್ದಾನೆಂದು ಗೊತ್ತಾದರೆ ‘ಓಡಿಹೋಗದಿರಲೆಂದು’ ಎಂದು ಸಮಾಧಾನ ಹೇಳಿದರೆ, ಅಲ್ಲಿ ಎರಡು ಕೊಳಗಗಳಿವೆ. ಕೂಲಿಯನ್ನು ಕೆಲಸಗಾರನ ಕೈಗೆ ಕೊಡದೆ ಮೇಸ್ತ್ರಿಗೆ ಕೊಟ್ಟು, ಅವನು ಎಷ್ಟು ಹಿಡಿದನೆಂದು ಕೇಳದಿರುವುದೂ ಅಂಥದೇ. ಮಂಗಾಫಿನ ಬೆಂಕಿಗೆ ಮರುಗುವವರು ತಮ್ಮ ಕೊಟ್ಟಿಗೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಲೆಯೂ ಹಾಸಿಗೆಯೂ ಎಷ್ಟು ಮೊಳದ ಅಂತರದಲ್ಲಿವೆಯೆಂದು ನೋಡಿದ್ದಾರೆಯೆ? ಸ್ವಂತ ತೋಟದಲ್ಲಿಯೇ ಮೈಮುರಿದು ದುಡಿಯುವ, ಬೆಲೆಯ ಏರಿಳಿತಕ್ಕೂ ರೋಗಕ್ಕೂ ಸಿಕ್ಕಿ ನಲುಗಿದ ಸಣ್ಣ ಹಿಡುವಳಿದಾರನನ್ನು ಕೊಲ್ಲಿಯ ಧನಿಕನೊಡನೆ ಹೋಲಿಸುವುದು ನ್ಯಾಯವಲ್ಲ, ನಿಜ. ಅವನ ಕೈ ಚಿಕ್ಕದು. ಕೈ ಚಿಕ್ಕದಾದರೆ ಕೊಡುವ ಮೊತ್ತ ಕಡಮೆಯಾಗಬಹುದು, ಅಳತೆಯು ಸುಳ್ಳಾಗಬೇಕಾಗಿಲ್ಲ.

2020ರ ಮೇ ತಿಂಗಳಲ್ಲಿ ಈ ಎರಡು ಕೊಳಗಗಳು ಇಡೀ ರಾಜ್ಯದ ಕಣ್ಣೆದುರಿಗೇ ಬಂದು ನಿಂತಿದ್ದವು. ಮಹಾಮಾರಿಯಿಂದ ಲೋಕವೆಲ್ಲ ಮುಚ್ಚಿದ್ದ ಆ ದಿನಗಳಲ್ಲಿ ಕೊಲ್ಲಿಯಲ್ಲಿ ಸಿಕ್ಕಿಬಿದ್ದಿದ್ದ ಕನ್ನಡಿಗರನ್ನು ಕರೆತರಲು ವಿಮಾನಗಳು ಹೊರಟವು. ಮೇ 12ರಂದು ದುಬೈಯಿಂದ ಮೊದಲ ವಿಮಾನವು ಮಂಗಳೂರಿಗೆ ಬಂದಿತು. ಯೋಗ್ಯವಾದ ಕಾರ್ಯ. ಆದರೆ ಅದಕ್ಕೆ ಒಂದು ವಾರದ ಹಿಂದೆ, ಮೇ 5ರಂದು, ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆಸಿದ ಮೇಲೆ ರಾಜ್ಯಸರ್ಕಾರವು ಉತ್ತರದ ಸೀಮೆಗಳ ಕೆಲಸಗಾರರನ್ನು ಊರಿಗೆ ಒಯ್ಯಬೇಕಾಗಿದ್ದ ರೈಲುಗಳು ಬೇಡವೆಂದು ರೈಲ್ವೆಗೆ ಬರೆದಿತ್ತು. ಅವರು ಹೊರಟುಹೋದರೆ ಕಟ್ಟಡಗಳು ನಿಲ್ಲುವುವೆಂಬ ಭಯ. ದೇಶಾದ್ಯಂತ ಆಕ್ಷೇಪವೆದ್ದು ಎರಡು ಮೂರು ದಿನಗಳಲ್ಲಿ ಆ ನಿರ್ಧಾರವನ್ನು ಹಿಂದೆಗೆದುಕೊಂಡು ರೈಲುಗಳನ್ನು ಬಿಡಲಾಯಿತು. ಯಜಮಾನನ ಅನುಕೂಲಕ್ಕಾಗಿ ಆಳು ಊರಿಗೆ ಹೋಗಬಾರದೆನ್ನುವುದಕ್ಕೆ ಅರಬ್ಬಿಯಲ್ಲಿ ಒಂದು ಹೆಸರುಂಟು. ಕನ್ನಡದಲ್ಲಿ ಅದಕ್ಕೆ ಹೆಸರಿಡುವ ಪ್ರಸಂಗ ಆ ಮೂರು ದಿನಗಳಿಗೇ ಮುಗಿದುದು ಒಂದು ಪುಣ್ಯ.

ಹನ್ನೆರಡನೆಯ ಶತಮಾನದ ಕಲ್ಯಾಣವೂ ವಲಸೆಯವರಿಂದ ತುಂಬಿದ ಊರಾಗಿದ್ದಿತು. ಅಲ್ಲಮಪ್ರಭುಗಳ ಬಳ್ಳಿಗಾವೆ, ಅಕ್ಕಮಹಾದೇವಿಯವರ ಉಡುತಡಿ ಎರಡೂ ಸಾಗರದ ನೆರೆಯ ಶಿಕಾರಿಪುರದ ಸೀಮೆಯವು. ಅವರು ಅಲ್ಲಿಂದಲೇ ಹೊರಟವರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ತೊರೆದು ಬಂದು ಕಲ್ಯಾಣದಲ್ಲಿ ಸೌದೆಯ ಹೊರೆ ಮಾರಿದರೆಂದೂ, ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಅಮರೇಶ್ವರದ ಕಡೆಯಿಂದ ಬಂದರೆಂದೂ ಪರಂಪರೆ ಹೇಳುತ್ತದೆ. ಇವರೊಳಗೆ ಮರುಳಶಂಕರದೇವರ ಕಥೆಯನ್ನು ಇಲ್ಲಿ ವಿಶೇಷವಾಗಿ ಮನನ ಮಾಡಬೇಕು. ಅಫಘಾನಿಸ್ತಾನದ ಕಡೆಯಿಂದ ಬಂದವರೆಂದು ಪ್ರತೀತಿಯಿರುವ ಈ ಶರಣರು ಹನ್ನೆರಡು ವರ್ಷಕಾಲ ಮಹಾಮನೆಯ ಹಿಂಬದಿಯಲ್ಲಿ, ಪ್ರಸಾದದ ನೀರು ಹರಿಯುವ ಕುಣಿಯ ಬಳಿ ಸೇವೆ ಮಾಡಿಕೊಂಡಿದ್ದರು. ಯಾರೂ ಅವರ ಹೆಸರು ಕೇಳಲಿಲ್ಲ. ನಿತ್ಯ ಸಹಸ್ರಾರು ಜಂಗಮರಿಗೆ ಉಣಬಡಿಸುತ್ತಿದ್ದ, ಎಲ್ಲರನ್ನೂ ತನ್ನವರೆಂದು ಭಾವಿಸುತ್ತಿದ್ದ ಮನೆಯದು, ಅಲ್ಲಿಯೇ ಹೀಗಾಯಿತು. ಪ್ರಭುದೇವರು ಬಂದು ಗುರುತಿಸಿದಾಗಲೇ ಬಸವಣ್ಣನವರಿಗೆ ತಮ್ಮ ಹಿತ್ತಿಲಿನಲ್ಲಿದ್ದವರು ಯಾರೆಂದು ತಿಳಿದುದು. ಶೂನ್ಯಸಂಪಾದನೆಯು ಈ ಪ್ರಸಂಗವನ್ನು ಅಡಗಿಸದೆ ವಿಸ್ತಾರವಾಗಿ ಹೇಳಿರುವುದು ಗಮನಾರ್ಹ. ದಾನವು ದೊಡ್ಡದಾಗಿರುವಲ್ಲಿಯೂ ಹಿತ್ತಿಲು ಕಣ್ಣಿಗೆ ಬೀಳದಿರುವುದು ಸಾಧ್ಯ.

ಲಕ್ಕಮ್ಮನವರ ಕಥೆ ಇನ್ನೊಂದು ಬಗೆಯದು. ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಗಂಡನು ಆಯ್ದು ತಂದಾಗ, ಹೆಚ್ಚಿನದನ್ನು ಸುರಿದು ಬರುವಂತೆ ಅವರು ಹೇಳಿ ಕಳುಹಿಸಿದರು. ಈ ಕಥೆಯನ್ನು ಬಡವರಿಗೆ ತೃಪ್ತಿಯ ಪಾಠವೆಂದು ಬೋಧಿಸುವವರು ಬಹಳ. ಅದು ಸಮಂಜಸವೆನಿಸದು. ತನ್ನ ದುಡಿಮೆಯಿಂದ ಬಾರದ ಅಕ್ಕಿ ತನ್ನದಲ್ಲವೆಂಬ ಆ ನಿರ್ಣಯವು ಮೊದಲು ತಗಲುವುದು ದಲ್ಲಾಳಿಗೆ, ಬಡ್ಡಿಯವನಿಗೆ, ಹಿಡಿತದ ಮೇಸ್ತ್ರಿಗೆ. ದುಡಿಯದೆ ಅಕ್ಕಿ ಆಯುವವರು ಅವರು. ಕಾಯದಿಂದ ಆದುದು ಕಾಯಕ. ಇನ್ನೊಬ್ಬರ ಕಾಯದಿಂದ ಆದುದನ್ನು ತನ್ನ ಕಾಯಕವೆಂದು ಲೆಕ್ಕ ಬರೆಯುವ ಅವಕಾಶವು ಲಕ್ಕಮ್ಮನವರ ಮನೆಯಲ್ಲಿ ಇರಲಿಲ್ಲ.

ಹೆಂಗಸರ ವಿಚಾರವು ಪ್ರತ್ಯೇಕವಾದ ಲೇಖನವನ್ನೇ ಬೇಡುತ್ತದೆ; ಒಂದೆರಡು ಮಾತುಗಳಲ್ಲಿ ಸೂಚಿಸಬಹುದು. ಮನೆಗೆಲಸಕ್ಕೆ ಹೋಗುವವಳ ಕಾರ್ಯಸ್ಥಾನವು ಇನ್ನೊಬ್ಬರ ಮನೆಯಾದುದರಿಂದ ಅಲ್ಲಿ ತನಿಖೆಯ ಅಧಿಕಾರಿಯೂ ಸಹೋದ್ಯೋಗಿಯೂ ಇರುವುದಿಲ್ಲ. ಭಾರತ ಸರ್ಕಾರವು ಅನುಮತಿ ಬೇಕಾದ ದೇಶಗಳಿಗೆ ಅಂಥ ಕೆಲಸಕ್ಕೆ ಮೂವತ್ತು ವರ್ಷ ತುಂಬದ ಹೆಂಗಸರನ್ನು ಕಳುಹಿಸಬಾರದೆಂದು ನಿಯಮ ಮಾಡಿತು. ಉದ್ದೇಶ ರಕ್ಷಣೆಯೇ, ಆದರೆ ಹೊರಡಲೇಬೇಕಾದವಳು ಕಳ್ಳದಾರಿ ಹಿಡಿದರೆ ಇದ್ದ ರಕ್ಷಣೆಯೂ ತಪ್ಪುತ್ತದೆ. ದಾದಿಯರ ಪ್ರಶ್ನೆ ಬೇರೆ. ಬಡದೇಶಗಳ ಆಸ್ಪತ್ರೆಗಳನ್ನು ಬರಿದುಮಾಡಿ ಶ್ರೀಮಂತ ದೇಶಗಳು ದಾದಿಯರನ್ನು ಸೆಳೆಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಒಂದು ಸಂಹಿತೆಯನ್ನು ರಚಿಸಿದೆ. ಆ ನೀತಿ ದೇಶಕ್ಕೆ ಸಂಬಂಧಿಸಿದುದು; ಮಲೆನಾಡಿನ ಹೆ‌ಣ್ಣುಮಗಳೊಬ್ಬಳು ಕಲಿತು, ದೂರದೇಶದ ವೃದ್ಧರ ಶುಶ್ರೂಷೆ ಮಾಡಿ ಮನೆಯ ಸಾಲ ತೀರಿಸುವೆನೆಂದರೆ ಅವಳನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಇತ್ತ ಊರಿನಲ್ಲಿ ಉಳಿದ ವೃದ್ಧರ ಶುಶ್ರೂಷೆಯ ಭಾರವು ಮತ್ತೊಬ್ಬ ಬಡ ಹೆಣ್ಣಿನ ಮೇಲೆ ಬೀಳುತ್ತದೆ. ಅವಳ ಸಂಬಳವನ್ನು ಡಾಲರಿನಲ್ಲಿ ಎಣಿಸುವವರಿಲ್ಲ.

ಶಾಸನದ ಮಟ್ಟದಲ್ಲಿ ಒಳನಾಡಿನ ವಲಸೆಗಾರರಿಗಾಗಿ 1979ರಲ್ಲಿಯೇ ಸಂಸತ್ತು ಒಂದು ಕಾಯ್ದೆ ಮಾಡಿತ್ತು. ಊರಿಗೆ ಹೋಗಿಬರುವ ಪ್ರಯಾಣಭತ್ಯ, ವಾಸದ ಸ್ಥಳ, ಸ್ಥಳೀಯರಿಗೆ ಸಮನಾದ ವೇತನ ಇವೆಲ್ಲ ಅದರಲ್ಲಿದ್ದವು. 2020ರ ಸಂಹಿತೆಯೊಳಗೆ ಅದನ್ನು ಸೇರಿಸಲಾಯಿತು. ಹೊರಗಿನ ವಲಸೆಗಾರರ ಹಕ್ಕುಗಳಿಗಾಗಿ ವಿಶ್ವಸಂಸ್ಥೆಯು 1990ರಲ್ಲಿ ಅಂಗೀಕರಿಸಿದ ಒಡಂಬಡಿಕೆಗೆ ಕೊಲ್ಲಿಯ ದೇಶಗಳೂ ಸೇರಿಲ್ಲ, ಅತ್ಯಧಿಕ ಹಣವನ್ನು ತರಿಸಿಕೊಳ್ಳುವ ಭಾರತವೂ ಸೇರಿಲ್ಲ. ಕೆಲಸ ಕೊಡುವವರು ಸೇರದಿರುವುದಕ್ಕೆ ಕಾರಣ ಸ್ಪಷ್ಟ. ಕಳುಹಿಸುವವರು ಸೇರದಿರುವುದಕ್ಕೆ ಕಾರಣ, ಬಂದವರನ್ನು ಅದೇ ಕೊಳಗದಲ್ಲಿ ಅಳೆಯಬೇಕಾದೀತೆಂಬ ಅಂಜಿಕೆಯಿದ್ದರೂ ಇರಬಹುದು.

ಒಂದು ಬದಲಾವಣೆಯನ್ನು ಮಾತ್ರ ಸಂತೋಷದಿಂದ ಹೇಳಬಹುದು. ‘ಒಂದು ರಾಷ್ಟ್ರ ಒಂದು ಪಡಿತರ ಚೀಟಿ’ ವ್ಯವಸ್ಥೆಗೆ 2022ರ ಜೂನಿನಲ್ಲಿ ಅಸ್ಸಾಂ ರಾಜ್ಯವು ಕಡೆಯದಾಗಿ ಸೇರಿದ ಮೇಲೆ, ಬ್ರಹ್ಮಪುತ್ರೆಯ ದಡದವನು ತನ್ನ ಊರಿನ ಚೀಟಿಯ ಬಲದಿಂದ ಹೊಸನಗರದ ನ್ಯಾಯಬೆಲೆ ಅಂಗಡಿಯಲ್ಲಿಯೂ ತನ್ನ ಪಾಲಿನ ಧಾನ್ಯವನ್ನು ಪಡೆಯಬಹುದು. ಮನೆಯವರ ಪಾಲನ್ನು ಮನೆಯವರು ಅಲ್ಲಿಯೇ ಪಡೆಯುತ್ತಾರೆ. ಹೆಬ್ಬೆರಳಿನ ಗುರುತು ಯಂತ್ರಕ್ಕೆ ಹತ್ತಬೇಕು. ಅಡಕೆಯ ಚೊಗರಿನಿಂದ ಕಪ್ಪಾದ ಬೆರಳುಗಳಿಗೆ ಅದು ಕೆಲವೊಮ್ಮೆ ಎರಡು ಮೂರು ಸಲ ಒತ್ತಿದ ಮೇಲೆ ಹತ್ತುತ್ತದೆ. ಅಂಗಡಿಯವನು ತಾಳ್ಮೆಗೆಡದೆ ಇನ್ನೊಂದು ಬೆರಳನ್ನು ಇಡಲು ಹೇಳಿದರೆ ಧಾನ್ಯ ದೊರೆಯುತ್ತದೆ. ‘ನಿನ್ನದು ಇಲ್ಲಿಯದಲ್ಲ’ ಎಂದು ಕೈಬೀಸಿದರೆ ಚೀಟಿಯು ಕಾಗದವಾಗಿಯೇ ಅವನ ಜೇಬಿಗೆ ಮರಳುತ್ತದೆ.